ಪಾವಗಡದಲ್ಲಿ ‘ರೋ’ ಮತ್ತು ‘ರೋಡು’

ಮೈಸೂರು ಸೀಮೆಯೊಳಗೇ ವರ್ಗವೆಂದು ಕೊರಟಗೆರೆಯಿಂದ ಹೊರಟ ನಮ್ಮ ಗಾಡಿ ನಡುದಾರಿಯಲ್ಲಿ ಮೈಸೂರನ್ನೇ ದಾಟಿಬಿಟ್ಟಿತು! “ಇದು ಇಂಗ್ಲೀಸ್ನೋರ ಸೀಮೆ ಸ್ವಾಮಿ. ಇದ ದಾಟುದ್ರೆ ಮತ್ತೆ ನಮ್ ಮಹಾರಾಜ್ರುದು,” ಎಂದ ಗಾಡಿಯವನು. ಸುತ್ತಲೂ ಪರಸೀಮೆ, ನಡುವೆ ಪಾವಗಡ. ಒಳಹೊಕ್ಕ ಮೇಲೆ ಹಿಂದಿನಿಂದ ಯಾರೋ ಅಗುಳಿ ಹಾಕಿಕೊಂಡಂತಾಯಿತು.

ತಾಲ್ಲೂಕು ಕಚೇರಿಯ ಗುಮಾಸ್ತೆ ನಾನು. ನನಗೆ ಕೆಲಸವಾದರೂ ಇತ್ತು. ನನ್ನ ಹೆಂಡತಿ ಗೌರಿಗೆ ಏನಿತ್ತು? ನಮ್ಮೂರ ನೀರಿನಲ್ಲಿ ಬೇಳೆ ಬೆಣ್ಣೆಯಂತೆ ಬೇಯುತ್ತಿತ್ತು. ಇಲ್ಲಿಯ ಸವುಳು ನೀರಿನಲ್ಲಿ ಎಷ್ಟು ಕುದಿಸಿದರೂ ಕಾಳು ಕಾಳೇ. ಬೀದಿಯೆಲ್ಲ ತೆಲುಗು.

“ದಿನಾ ಮೂಗಿ ಹಂಗೆ ಕುಂತಿರ್ತೀನಿ. ಹೆಂಗಾರ ಮಾಡಿ ಊರಿಗೆ ವರ್ಗ ಮಾಡುಸ್ಕಳಿ. ಇಲ್ದಿದ್ರೆ ನಾನೊಬ್ಳೇ ಹೊಂಟೋಯ್ತೀನಿ,” ಎಂದಳು.

ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ನನ್ನ ಇಂಗ್ಲಿಷು ಸೋದರಮಾವನ ಬಾಯಿಂದ ಬಂದದ್ದು. ತನ್ನ ಕಷ್ಟ ಹೇಳುವಾಗ ಆತ ‘ಹಾರ್ಡ್ ರೋ ಟು ಹೋ’ ಎನ್ನುತ್ತಿದ್ದ. ನಮ್ಮ ಕಡೆಯವರು ಮಾತಿನ ಬಾಲ ನುಂಗುವವರಲ್ಲವೇ? ಮಾವ ‘ರೋಡ್’ ಎಂಬುದರ ಡಕಾರ ನುಂಗಿದ್ದಾನೆಂದು ತಿದ್ದಿ, ನನ್ನ ಕಷ್ಟಕ್ಕೆ ‘ಹಾರ್ಡ್ ರೋಡ್ ಟು ಹೋ’ ಎಂದೇ ಬರೆದೆ.

ಉತ್ತರ ಬಂತು: ರಸ್ತೆ ಕೆಟ್ಟಿರುವ ದೂರನ್ನು ಸಂಬಂಧಪಟ್ಟವರಿಗೆ ಕಳಿಸಿದೆ; ದುರಸ್ತಿಯಾಗುವವರೆಗೆ ಅರ್ಜಿದಾರನು ಪ್ರಯಾಣ ಮಾಡಬೇಕಾಗಿಲ್ಲ.

ಸ್ಕೂಲಿನ ಹೆಡ್‌ಮಾಸ್ಟರು ಶಿರಾದವರು. ಅರ್ಜಿಯ ನಕಲನ್ನೂ ಉತ್ತರವನ್ನೂ ತೋರಿಸಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಲ್ಲಯ್ಯಾ, ರೋಡಿಗೆ ಯಾವನಾರ ಕಳೆ ತೆಗೀತಾನಾ? ರೋ ಅಂದ್ರೆ ಬೆಳೆ ಸಾಲು. ಹೋ ಅಂದ್ರೆ ಅದ್ರಾಗೆ ಕಳೆ ಕೆರೆಯೋದು. ಗಟ್ಟಿ ನೆಲದ ಸಾಲೇ ಪಾಲಿಗೆ ಬಂತು ಅಂತ ಕಣಯ್ಯಾ. ನಿಂಗೆ ಬಂದೈತಲ್ಲ, ಹಂಗೆ!”

ತಿದ್ದಿ ಬರೆದೆ. ಗೌರಿ ಆಗಲೇ ಪೆಟ್ಟಿಗೆ ತುಂಬಿಟ್ಟಳು.

ಈ ಸಲದ ಉತ್ತರ: ಅರ್ಜಿಯ ಇಂಗ್ಲಿಷು ಬಹಳ ಅಚ್ಚುಕಟ್ಟಾಗಿದೆ. ಇಂಥ ಬರವಣಿಗೆಯವನು ಆ ದೂರದ ತಾಲ್ಲೂಕಿಗೆ ಅತ್ಯಗತ್ಯ. ಅಲ್ಲಿಯೇ ಮುಂದುವರಿಯತಕ್ಕದ್ದು.

ಓದಿ ಹೇಳಿದೆ. ಗೌರಿ ಪೆಟ್ಟಿಗೆಯ ಮುಚ್ಚಳ ತೆಗೆದಳು. “ಇನ್ನೊಂದು ಅರ್ಜಿ ಬರೀತೀನಿ ಕಣೆ,” ಎಂದೆ.

“ಚಾಲು,” ಎಂದಳು, ಪೆಟ್ಟಿಗೆಯಿಂದ ಸೀರೆಗಳನ್ನು ಹೊರಗೆ ತೆಗೆಯುತ್ತ.

ತೆಲುಗಿನಲ್ಲಿ ಅದಕ್ಕೆ ಸಾಕು ಎಂದರ್ಥ. ಹೊಲದ ಸಾಲಿಗೂ ಅದೇ ಮಾತು. ಯಾವ ನೆರೆಮನೆಯಿಂದ, ಯಾವತ್ತು ಅವಳ ಬಾಯಿಗೆ ಬಂತೋ ನನಗೆ ತಿಳಿಯದು. ನಮ್ಮ ಕನ್ನಡದಲ್ಲಿ ಸಾಕು ಎಂದಿದ್ದರೆ ಕೆಲಸ ಬಿಟ್ಟಾದರೂ ಮರುದಿನ ಗಾಡಿ ಕಟ್ಟಿಸುತ್ತಿದ್ದೆನೇನೋ.