ಬಾವಿಗೆ ಬಿಟ್ಟ ಎಲೆಕ್ಟ್ರಾನುಗಳು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಈಗಲೂ ಬೈಯುತ್ತಾಳೆ. ಬೈಯಲಿ. ಆ ಸಿಟ್ಟು, ಅದರ ಬೆನ್ನಿಗಿರುವ ಹಟ ಇಲ್ಲದಿದ್ದರೆ, ಹುಕ್ಕೇರಿ ತಾಲ್ಲೂಕಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನಾನು ಎಲೆಕ್ಟ್ರಾನ್ ಆಕ್ಸಲರೇಟರುಗಳ ಮೇಲೆ ಪಿಎಚ್‌ಡಿ ಮಾಡಲು ಹೊರಡುತ್ತಲೇ ಇರಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತು. ಗೋಕಾಕದಿಂದ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಬರುತ್ತಿದ್ದೆ. "ನಮಗ ಗೊತ್ತಿರೂ ಆಕ್ಸಲರೇಟರ್ ಒಂದs ರಿ ಮೇಡಮ್ಮಾರ, ನಿಮ್ಮ ಬಸ್ ಡ್ರೈವರನ ಕಾಲಾಗಿಂದು" ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ನಾನೂ ಇನ್ನೊಂದನ್ನು ಕಣ್ಣಾರೆ ಕಂಡಿರಲಿಲ್ಲ. ನನ್ನದೆಲ್ಲ ಕಂಪ್ಯೂಟರಿನ ಮೇಲಿನ ಲೆಕ್ಕ.

ಆ ಲೆಕ್ಕ ಇಷ್ಟೇ. ದೊಡ್ಡ ಉಂಗುರದಂಥ ಕೊಳವೆಯಲ್ಲಿ ಎಲೆಕ್ಟ್ರಾನುಗಳು ಗುಂಪುಗುಂಪಾಗಿ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಸುತ್ತುತ್ತವೆ. ಅಯಸ್ಕಾಂತ ಅವುಗಳ ದಾರಿ ಬಾಗಿಸಿದಲ್ಲೆಲ್ಲ ಎಕ್ಸ್-ರೇ ಮಿಂಚಿನಂತೆ ಚಿಮ್ಮುತ್ತದೆ. ಗುಂಪು ಉದ್ದವಿದ್ದಷ್ಟೂ ಆ ಮಿಂಚು ಉದ್ದ. ಅಣುವಿನೊಳಗೆ ಪರಮಾಣುಗಳು ಅಲುಗುವುದನ್ನು ನೋಡಲು ಅಷ್ಟುದ್ದದ ಮಿಂಚು ಉಪಯೋಗಕ್ಕೆ ಬಾರದು, ಅದನ್ನು ತೀರಾ ಗಿಡ್ಡ ಮಾಡಬೇಕು. ಅದಕ್ಕಾಗಿ ಅತಿ ಚಿಕ್ಕ ಲೇಸರ್ ಮಿಡಿತವೊಂದನ್ನು ಎಲೆಕ್ಟ್ರಾನ್ ಗುಂಪಿನ ಜೊತೆಗೇ ಓಡಿಸುತ್ತಾರೆ. ಲೇಸರ್ ತಾಗಿದ ಎಲೆಕ್ಟ್ರಾನುಗಳ ಶಕ್ತಿಯಷ್ಟೇ ಏರುಪೇರಾಗುತ್ತದೆ, ಸೌತೆಕಾಯಿಯ ನಡುವಿನ ಒಂದು ತೆಳು ಹೋಳನ್ನಷ್ಟೇ ಗುರುತು ಮಾಡಿದಂತೆ. ಮುಂದಿನ ಅಯಸ್ಕಾಂತದಲ್ಲಿ ಆ ಹೋಳು ಬದಿಗೆ ಸರಿಯುತ್ತದೆ. ಅದರ ಬೆಳಕನ್ನು ಮಾತ್ರ ಸಣ್ಣ ಕಿಂಡಿಯಲ್ಲಿ ಹಿಡಿದುಕೊಂಡರಾಯಿತು.

ಉತ್ತರದ ಕಡೆಯ ಆಕ್ಸಲರೇಟರ್ ಕೇಂದ್ರವೊಂದರ ಹಿರಿಯ ವಿಜ್ಞಾನಿ ನಮ್ಮಲ್ಲಿಗೆ ಉಪನ್ಯಾಸಕ್ಕೆ ಬರುವವರಿದ್ದರು. ಮೂಲತಃ ಧಾರವಾಡದ ಕಡೆಯವರು. ನಿಮ್ಮ ಲೆಕ್ಕ ನೋಡುತ್ತೇನೆ, ಮಿಂಚು ಸಾಕಷ್ಟು ಪ್ರಖರವಾಗಿದ್ದರೆ ಚಳಿಗಾಲಕ್ಕೆ ನಮ್ಮ ಉಂಗುರದ ಬಳಿ ಕೆಲಸಕ್ಕೆ ಕರೆಸಿಕೊಳ್ಳುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದರು. ಒಬ್ಬರಿಗಷ್ಟೇ ಜಾಗ. ತಪ್ಪಿದರೆ ನಿವೃತ್ತಿಯವರೆಗೂ ಲ್ಯಾಬಿನಲ್ಲಿ ಹುಡುಗರ ಕೈಗೆ ಮಸೂರ ಕೊಡುವುದು, ಇಸಿದುಕೊಳ್ಳುವುದು. ನನ್ನ ಲೆಕ್ಕದಲ್ಲಿ ಮಿಂಚು ಭರ್ಜರಿಯಾಗಿತ್ತು. ಹಿಗ್ಗಿ ಹೀರೇಕಾಯಿಯಾಗಿದ್ದೆ.

ಅವರು ಬರುವ ಹಿಂದಿನ ದಿನ ನನ್ನ ಲೆಕ್ಕದ ಪ್ರೋಗ್ರಾಮನ್ನು ಒಮ್ಮೆ ಓದಿರೆಂದು ಹಿರಿಯ ಸಹೋದ್ಯೋಗಿಯೊಬ್ಬರಿಗೆ ಕೊಟ್ಟೆ. ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು, ಕೆಣಕುವುದರಲ್ಲಿ ಎತ್ತಿದ ಕೈ.

"ಇದೇನ್ರಿ, ನಡುವ ಬಾವಿ ಅಂತ ಬರದೀರಿ? ಎಲೆಕ್ಟ್ರಾನ್ ನೀರು ಕುಡೀತಾವೇನು?"

ಲೇಸರ್ ತಾಗಿದ ಎಲೆಕ್ಟ್ರಾನುಗಳನ್ನು ಮತ್ತೆ ಗುಂಪಿಗೆ ಸೇರಿಸುವ ಭಾಗಕ್ಕೆ ನಾನಿಟ್ಟ ಹೆಸರು ಅದು. ಮಸಗುಪ್ಪಿಯ ನನ್ನ ತವರು ಜೈನರ ಮನೆ. ಅಲ್ಲಿ ಸೋಸದ ನೀರು ಕುಡಿಯುವಂತಿಲ್ಲ. ಸೋಸಿದ ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಎಲ್ಲೆಂದರಲ್ಲಿ ಚೆಲ್ಲುವಂತೆಯೂ ಇಲ್ಲ. ಬಟ್ಟೆಯನ್ನು ಜಾಲಿಸಿ, ಆ ನೀರನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸಿ ಬಿಡಬೇಕು. ಬಿಟ್ಟರೆ ಅವು ತಮ್ಮ ಮನೆ ಸೇರಿದಂತೆ, ನಮ್ಮ ಕೆಲಸ ಮುಗಿದಂತೆ. ಎಳವೆಯಿಂದ ಕೈಗಂಟಿದ ರೂಢಿ. ಇದನ್ನೆಲ್ಲ ಹೆಮ್ಮೆಯಿಂದಲೇ ವಿವರಿಸಿದೆ.

"ಬಿಡೂದು ಚಲೋನs ಆತ್ರಿ. ಬಿಟ್ಟ ಮ್ಯಾಲ ಅವು ಸುಮ್ಮನಾಗಾಕ ಹೊತ್ತು ಬ್ಯಾಡೇನು? ಬಿಟ್ಟ ಕೂಡ್ಲೆ ಮತ್ತ ಲೇಸರ್ ಹೊಡದೀರಲ್ಲ?"

ಹಾಳೆಗಳನ್ನು ಕಸಿದುಕೊಂಡು ನೋಡಿದೆ, ಹೊಡೆದೇ ಇದ್ದೆ. ಏರುಪೇರಾದ ಎಲೆಕ್ಟ್ರಾನುಗಳು ಉಳಿದವುಗಳಂತಾಗಲು ಉಂಗುರವನ್ನು ಸಾವಿರಾರು ಸಲ ಸುತ್ತಬೇಕು. ಅಷ್ಟರೊಳಗೆ ಅದೇ ಗುಂಪಿಗೆ ಲೇಸರ್ ಬಿಟ್ಟರೆ, ಹಿಂದಿನ ಸಲ ಚೆದುರಿದವುಗಳ ಬೆಳಕೂ ಕಿಂಡಿಗೆ ನುಗ್ಗಿ ಗಿಡ್ಡ ಮಿಂಚನ್ನು ಮುಚ್ಚಿಬಿಡುತ್ತದೆ. ಪುಸ್ತಕದಲ್ಲಿ ಓದಿದ್ದೆ, ಹುಡುಗರಿಗೆ ಹೇಳಿಯೂ ಇದ್ದೆ. ಆದರೆ ಬಾವಿ ಅಂದ ಕೂಡಲೇ ನನ್ನ ತಲೆ ನೆಮ್ಮದಿಯಾಗಿ ಮಲಗಿಬಿಟ್ಟಿತ್ತು.

ಮಧ್ಯಾಹ್ನದ ಕ್ಲಾಸನ್ನು ಇನ್ನೊಬ್ಬರಿಗೆ ವಹಿಸಿ ಕಂಪ್ಯೂಟರ್ ಮುಂದೆ ಕೂತೆ. ಎಲೆಕ್ಟ್ರಾನುಗಳು ಸುಮ್ಮನಾಗುವಷ್ಟು ಹೊತ್ತು ಸೇರಿಸಿ ಲೆಕ್ಕ ಮತ್ತೆ ಓಡಿಸಿದೆ. ಲೇಸರನ್ನು ತಡೆತಡೆದು ಬಿಡಬೇಕಾಯಿತು, ಒಟ್ಟು ಬೆಳಕು ಕುಸಿದು ನೆಲ ಕಚ್ಚಿತು. ವರ್ಷಗಟ್ಟಲೆಯ ಕೆಲಸ. ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಬಾಗಿಲು ತೆರೆದಾಗ ಎದುರಿಗೇ ನಿಂತಿದ್ದ ಸಹೋದ್ಯೋಗಿಗೆ ಪಾಪ ಅನಿಸಿರಬೇಕು. "ಹಳೇದs ತೋರಸ್ರಿ. ಒಂದ್ ತಾಸಿನ್ಯಾಗ ಅವ್ರೇನು ಅಷ್ಟ ಆಳಕ್ಕ ಇಳದು ನೋಡ್ತಾರೇನು?"

ನನಗೆ ಉರಿದುಹೋಯಿತು. "ಅವ್ರ ಉಂಗುರದಾಗ ಇರೂವು ಖರೆ ಎಲೆಕ್ಟ್ರಾನ್ ಅದಾವ್ರಿ ಸರ್. ಸುಳ್ಳು ತೋರಿಸಿ ಹೋದ್ರ ಅವು ನನ್ನ ಮಾತು ಕೇಳ್ತಾವೇನು?"

"ಆತು ಬಿಡ್ರಿ ತಾಯಿ, ನಿಮ್ಮ ಹಟಕ್ಕ ಯಾರು ಅಡ್ಡ ಬರ್ತಾರ" ಎಂದವರು ಕುರ್ಚಿ ಎಳೆದುಕೊಂಡು ಬಾಜೂ ಕೂತರು. ಬಸ್ಸಿನ ಹೊತ್ತಾಗುವವರೆಗೂ ಇಬ್ಬರೂ ಹೊಸ ಲೆಕ್ಕವನ್ನು ಸಾಲು ಸಾಲಾಗಿ ತಾಳೆ ನೋಡಿದೆವು. ಎಲ್ಲಿಯೂ ತಪ್ಪು ಸಿಗಲಿಲ್ಲ. ತಪ್ಪು ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಒಳಗೊಳಗೇ ಹಂಬಲಿಸುತ್ತಿದ್ದೆ.

ಮರುದಿನ ವಿಜ್ಞಾನಿಯ ಮುಂದೆ ಹಳೆಯ ಲೆಕ್ಕವನ್ನೂ ಹೊಸದನ್ನೂ ಇಟ್ಟು, ಎಲ್ಲಿ ಎಡವಿದೆನೆಂದು ಬಾವಿಯ ಕತೆಯ ಸಮೇತ ಹೇಳಿದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ನೋಡ್ರಿ ಮೇಡಂ, ಬೆಳಕು ಇಷ್ಟು ಕಡಿಮಿ ಅಂದ್ರ ಒಂದು ಅಳತಿಗೆ ದಿನಗಟ್ಲೆ ಕುಂದರಬೇಕಾಗತೈತಿ. ನಮ್ಮಲ್ಲಿ ಹುಡುಗೂರು ಜಲ್ದಿ ಮುಗಿಯೂ ಕೆಲಸದ ಕಡೆ ಓಡ್ತಾರ. ಇದಕ್ಕ ಯಾರು ಕುಂದರ್ತಾರ?"

"ನಾ ಕುಂದರ್ತೇನ್ರಿ."

ದನಿ ಸ್ವಲ್ಪ ಜೋರೇ ಆಯಿತು. ಅವರು ನನ್ನನ್ನು ಬಿಟ್ಟು, ಬಾಜೂ ಕೂತಿದ್ದ ನನ್ನ ಸಹೋದ್ಯೋಗಿಯ ಕಡೆ ತಿರುಗಿದರು. "ಖರೇನs ಕುಂದರ್ತಾರೇನ್ರಿ ಇವ್ರು?"

ನನ್ನ ಬಗ್ಗೆ ಅಲ್ಲಿಯವರೆಗೆ ಒಂದೂ ಒಳ್ಳೆಯ ಮಾತಾಡದಿದ್ದ ಮನುಷ್ಯ ಕೈಮುಗಿದು ಹೇಳಿದರು: "ಕುಂಡ್ರಸೂದೇನು ಸರಳ ಐತ್ರಿ. ಎಬ್ಬಸೂದು ನಿಮ್ಮ ಕಡಿಂದ ಆಗೂದಿಲ್ಲ."

ವಿಜ್ಞಾನಿ ಆಗ ನಕ್ಕರು. ಕನ್ನಡಕ ಏರಿಸಿಕೊಂಡು ಎದ್ದು ನಿಂತರು.

"ಸ್ವೆಟರ್ ತಗೊಂಡು ಬಾ ತಂಗಿ, ನಮ್ಮಲ್ಲಿ ಚಳಿ ಭಾಳ ಐತಿ."