ಪಂಚಮಿಗೆ ಬಂದವಳು

ಇವತ್ತು ಬೆಳಿಗ್ಗೆ ನಮ್ಮ ಶಾರದಾ ಅಡುಗೆಮನೆಯ ಗೋಡೆಯ ಬುಡಕ್ಕೆ ಹುರಮಂಜಿ ಬಳಿಯಲು ಕೂತಳು. ಹುರಮಂಜಿ ಎಂದರೆ ಕೆಂಪು ಮಣ್ಣು. ನೀರಿನಲ್ಲಿ ಕಲಸಿ, ಹಳೆಯ ಬಟ್ಟೆ ಅದ್ದಿ, ಗೋಡೆಗೆ ಒಂದು ಗೇಣು ಎತ್ತರ ಎಳೆದರೆ ಪಂಚಮಿ ಬಂತೆಂದೇ ಅರ್ಥ. ಅಂಗಡಿಯ ಬಣ್ಣದ ಡಬ್ಬಿಗಳು ಬಂದು ಎಷ್ಟೋ ಕಾಲವಾಯಿತು, ಆದರೂ ಅವಳು ಈ ಒಂದು ಗೇಣನ್ನು ಬಿಟ್ಟುಕೊಟ್ಟಿಲ್ಲ. ಆ ಹಸಿಮಣ್ಣಿನ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದೆ. ಪಡಸಾಲೆಗೆ ಹೋದೆ. ಬಾಗಿಲ ಚೌಕಟ್ಟನ್ನು ಮುಟ್ಟಿ ನೋಡಿದೆ. ಮತ್ತೆ ಒಳಗೆ ಬಂದೆ.

"ಅತ್ತಿ, ಒಂದ ಕಡೆ ಕುಂದರ್ರಿ. ಕಾಲಾಗ ಗಾಲಿ ಅದಾವೇನ ನಿಮಗ?" ಎಂದಳು ಶಾರದಾ. ಅವಳು ನನ್ನ ತಮ್ಮನ ಸೊಸೆ, ಈ ಮನೆಯ ಯಜಮಾನಿ, ನನ್ನನ್ನು ಗದರಿಸುವ ಹಕ್ಕನ್ನು ಕಷ್ಟಪಟ್ಟು ಸಂಪಾದಿಸಿಕೊಂಡವಳು.

ಗಾಲಿ ಇರುವುದು ನಿಜ. ಅದರ ಜೊತೆಗೆ ಇನ್ನೊಂದು ಚಟವೂ ಇದೆ. ನಾನು ತಲೆ ಎಣಿಸುತ್ತೇನೆ. ಬಸ್ಸು ಹತ್ತಿದರೆ ಎಷ್ಟು ಜನ, ಮದುವೆ ಪಂಕ್ತಿಯಲ್ಲಿ ಎಷ್ಟು ಜನ, ಸತ್ತವರ ಮನೆಗೆ ಹೋದರೂ ಅಳುವವರೆಷ್ಟು, ಸುಮ್ಮನೆ ಕೂತವರೆಷ್ಟು. ನಮ್ಮ ಮನೆಯ ಮಕ್ಕಳು ಇದನ್ನು ನೋಡಿ ನಗುತ್ತಾರೆ. ಅಜ್ಜಿ ಕನ್ನಡ ಸಾಲೆಯಲ್ಲಿ ಹಾಜರಿ ಕರೆದೂ ಕರೆದೂ ಹೀಗಾದಳು ಎಂದುಕೊಂಡಿದ್ದಾರೆ. ನಾನೂ ಹಾಗೆಯೇ ಅಂದುಕೊಳ್ಳಲಿ ಎಂದು ಬಿಟ್ಟಿದ್ದೇನೆ. ಆದರೆ ನಿಮಗೆ ಸುಳ್ಳು ಹೇಳಿ ನನಗೇನು ಬರಬೇಕು? ಈ ಚಟ ಸಾಲೆಯಲ್ಲಿ ಹತ್ತಿದ್ದಲ್ಲ, ಬನಹಟ್ಟಿಯ ಒಂದು ನೇಕಾರರ ಓಣಿಯಲ್ಲಿ ಹತ್ತಿದ್ದು.

ಆಗ ಇಲ್ಲಿ ರಾಜರ ಆಳ್ವಿಕೆ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ನಮ್ಮಲ್ಲಿ ನಡೆದದ್ದು ಚಳಿಜ್ವರದ ಯುದ್ಧ. ಮಳೆ ಹಿಡಿದರೆ ಸಾಕು, ಮನೆಗೊಬ್ಬರು ಕಂಬಳಿ ಹೊದ್ದು ಗಡಗಡ ನಡುಗುತ್ತ ಮಲಗುತ್ತಿದ್ದರು. ಮಕ್ಕಳ ಹೊಟ್ಟೆಯ ಎಡಕ್ಕೆ ಜ್ವರಗಡ್ಡೆ ಬೆಳೆದು ಅಂಗಿಯ ಗುಂಡಿ ಹಾಕಲಾಗುತ್ತಿರಲಿಲ್ಲ. ಪುಣೆಯಲ್ಲಿ ಕಲಿತು ಬಂದ ಒಬ್ಬ ದಾಕ್ತರ ಸಾಹೇಬರು ಇದಕ್ಕೊಂದು ಉಪಾಯ ಹೂಡಿದರು. ಮೊದಲು ಮನೆಮನೆಗೆ ಹೋಗಿ ಜನರನ್ನು ಬರೆದುಕೊಳ್ಳುವುದು. ಹೆಸರು, ವಯಸ್ಸು, ಜ್ವರ ಬಂದಿದೆಯೋ ಇಲ್ಲವೋ. ಆಮೇಲೆ ಪಟ್ಟಿಯ ಪ್ರಕಾರ ಎಲ್ಲರಿಗೂ ಗುಳಿಗೆ ಕೊಡುವುದು. ಆಮೇಲೆ ಮತ್ತೊಮ್ಮೆ ಹೋಗಿ, ಜ್ವರ ಇಳಿದಿದೆಯೋ ಇಲ್ಲವೋ ನೋಡುವುದು. ಈ ಜನಗಣತಿಗೆ ಊರವರು ಖಾನೇಸುಮಾರಿ ಎಂದರು. ಕ್ವಿನೈನ್ ಗುಳಿಗೆಗೆ ಕೊಯ್ನೇಲ ಎಂದರು. ಎರಡೂ ಬಾಯಿಗೆ ಕಹಿ.

ಮೊದಲು ಗಂಡಸರೇ ಬರೆಯಲು ಹೋದರು. ಹೆಂಗಸರು ಬಾಗಿಲು ಹಾಕಿಕೊಂಡು ಒಳಗಿಂದಲೇ "ಮನಿಯಾಗ ಯಾರೂ ಇಲ್ರಿ" ಎಂದರು. ಹೀಗೆ ಒಂದಿಡೀ ಓಣಿ ನಿರ್ಜನ ಎಂದು ದಾಖಲಾಯಿತು. ಆಗ ಕನ್ಯಾ ಸಾಲೆಯ ಅಕ್ಕೋರು, ಅಂದರೆ ನಾನು, ದಾಕ್ತರ ಕಣ್ಣಿಗೆ ಬಿದ್ದೆ. ನನಗೆ ಹತ್ತೊಂಬತ್ತು ವರ್ಷ. ಮುತ್ತು ಪೋಣಿಸಿದಂಥ ಅಕ್ಷರ ಎಂದು ಹೊಗಳಿಸಿಕೊಂಡವಳು. ಒಂದೂ ಕಾಟು ಹೊಡೆಯದ ಪುಟವನ್ನು ನೋಡುತ್ತ ಊಟ ಮರೆಯುತ್ತಿದ್ದ ಹುಡುಗಿ. ಇಂಥವಳ ಕೈಗೆ ಪಟ್ಟಿ ಕೊಟ್ಟರೆ ಏನಾಗುತ್ತದೆ ಎಂದು ಯಾರಾದರೂ ಮೊದಲೇ ಯೋಚಿಸಬೇಕಿತ್ತು.

ನನ್ನ ಜೊತೆಗೆ ದವಾಖಾನೆಯ ಆಯಾ ಬಸವ್ವನನ್ನು ಕಳಿಸಿದರು. ಐವತ್ತರ ಹೆಂಗಸು, ಅಕ್ಷರ ಬಾರದು, ಬಾಯಿ ಮಾತ್ರ ಸುಮ್ಮನಿರದು. ಅವಳ ಕೈಯಲ್ಲಿ ಹುರಮಂಜಿಯ ಗಡಿಗೆ. ನಾನು ಬರೆದುಕೊಂಡ ಮನೆಯ ಬಾಗಿಲ ಪಕ್ಕ ಬೇವಿನ ಕಡ್ಡಿಯಿಂದ ನಂಬರು ಬರೆಯಬೇಕು. ನಾನು ಅಂಕಿ ತೋರಿಸುತ್ತಿದ್ದೆ, ಅವಳು ನೋಡಿ ಬರೆಯುತ್ತಿದ್ದಳು. ಅವಳ ಏಳು ಯಾವಾಗಲೂ ಬೆನ್ನು ತಿರುಗಿಸಿ ನಿಲ್ಲುತ್ತಿತ್ತು.

ಮನೆತುಂಬ ಮಾತನಾಡುವ ಹೆಂಗಸರಿಂದ ನಾಲ್ಕು ಹೆಸರು ಹೊರಡಿಸುವುದು ಎಷ್ಟು ಕಷ್ಟ ಎಂದು ನಾನು ಕಂಡದ್ದು ಆಗಲೇ. ಗಂಡನ ಹೆಸರು ಬರಿದೇ ಹೇಳುವಂತಿಲ್ಲ, ಪ್ರಾಸ ಹೊಂದಿಸಿ ಒಡಪು ಕಟ್ಟಿಯೇ ಹೇಳಬೇಕು. ನಾನು ಪೆನ್ಸಿಲು ಹಿಡಿದು ಕಾಯಬೇಕು. ವಯಸ್ಸು ಕೇಳಿದರೆ "ಪ್ಲೇಗಿನ ವರ್ಷ ಅಂಬೆಗಾಲ ಇಡತಿದ್ದೆ" ಎನ್ನುತ್ತಿದ್ದರು. ಮಕ್ಕಳನ್ನಂತೂ ದೃಷ್ಟಿಯಾಗುತ್ತದೆಂದು ಎಣಿಸಲು ಬಿಡುತ್ತಿರಲಿಲ್ಲ. ನಾನು ಚಡಪಡಿಸುತ್ತಿದ್ದೆ. ಬಸವ್ವ ಹೊಸ್ತಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು, "ಹೊತ್ತ ಹತ್ತತೈತ್ರಿ ಅಕ್ಕೋರ. ಅವರ ಮನಿ ಮಂದೀನ ಕೇಳಾಕ ಬಂದೀರಿ, ಸಂತಿಗಿ ಬಂದಿಲ್ಲ," ಎನ್ನುತ್ತಿದ್ದಳು.

ಅಷ್ಟರಲ್ಲಿ ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ಅವರು ತವರಿಗೆ ಬರಬೇಕು, ಉಂಡೆ ತಿನ್ನಬೇಕು, ಜೋಕಾಲಿ ಜೀಕಬೇಕು. ಒಂದು ವಾರದಲ್ಲಿ ಬನಹಟ್ಟಿ ತುಂಬಿಹೋಯಿತು. ನನಗೆ ಸಿಟ್ಟು ಬಂತು. ಇವರನ್ನೆಲ್ಲ ಬರೆದುಕೊಂಡರೆ ಮುಂದಿನ ವಾರ ಎಲ್ಲರ ಹೆಸರಿಗೂ ಕಾಟು ಹೊಡೆಯಬೇಕು. ದಾಕ್ತರು "ಮನಿಯೊಳಗಿನ ಮಂದೀನ ಬರಕೋರಿ" ಎಂದಿದ್ದರು, ಅಷ್ಟೇ. ಮನೆಯ ಮಂದಿ ಯಾರು ಎಂಬ ಕಾಯಿದೆಯನ್ನು ನಾನೇ ಮಾಡಿಕೊಂಡೆ. ಕೊಟ್ಟ ಹೆಣ್ಣು ಮನೆಯವಳಲ್ಲ, ನೆಂಟಳು.

ನಲವತ್ತೊಂದನೆಯ ನಂಬರಿನ ಮನೆ ಈರಪ್ಪನದು. ಕುಣಿ ಮಗ್ಗದ ನೇಕಾರ. ಪಡಸಾಲೆಯ ನೆಲದಲ್ಲೇ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದು. ಮಳೆಗಾಲದಲ್ಲಿ ಆ ಕುಣಿಯಲ್ಲಿ ನೀರು ಜಿನುಗುತ್ತಿತ್ತು, ಸೊಳ್ಳೆಗಳು ಅಲ್ಲಿಯೇ ಸಂಸಾರ ಹೂಡಿದ್ದವು. ಈರಪ್ಪ ಲಾಳಿ ನಿಲ್ಲಿಸದೆ ನನ್ನ ಕಡೆ ನೋಡಿ ನಕ್ಕ. ಅವನ ಹೆಂಡತಿ ಮಲ್ಲವ್ವ ಸೆರಗು ಬಾಯಿಗೆ ಹಿಡಿದು ಒಡಪು ಹೇಳಿದಳು:

"ಕುಣಿ ಮಗ್ಗದಾಗ ಕುಂತಾರ ಕೆಂಪಂಚಿನ ಸೀರಿ ನೇಯಾಕ,
ಈರಪ್ಪನ ಹೆಸರ ಹೇಳತೇನಿ ಅಕ್ಕೋರ ಪಟ್ಟಿಗಿ ಹಾಕಾಕ."

ಗಂಡನ ಹೆಸರಿನ ಜೊತೆ ನನ್ನ ಪಟ್ಟಿಯೂ ಒಡಪಿನೊಳಗೆ ಸೇರಿದ್ದು ಅದೊಂದೇ ಸಲ. ನನಗೂ ನಗು ಬಂತು. ಗಂಡ, ಹೆಂಡತಿ, ಮುದುಕಿ ಅತ್ತೆ, ಮೂವರು ಗಂಡುಮಕ್ಕಳು. ಆರು. ಬರೆದು ಎದ್ದೆ. ಆಗ ಒಳಗಿನಿಂದ ಒಬ್ಬ ಹುಡುಗಿ ತಟ್ಟೆಯಲ್ಲಿ ಉಂಡೆ ತಂದಳು. ಕೈತುಂಬ ಹಸಿರು ಬಳೆ, ಮೊದಲ ಪಂಚಮಿಯ ಸಡಗರ ಮುಖದ ಮೇಲೆ.

"ಮಗಳು ರೀ, ನೀಲವ್ವ. ರಬಕವಿಗಿ ಕೊಟ್ಟೇವಿ," ಎಂದಳು ಮಲ್ಲವ್ವ.

ರಬಕವಿ, ಬನಹಟ್ಟಿ ಇವತ್ತು ಒಂದೇ ಊರು. ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಸುರುವಾಯಿತು ತಿಳಿಯುವುದಿಲ್ಲ. ಆಗಲೂ ನಡೆದೇ ಹೋಗುವ ದಾರಿ. ಆದರೆ ಬನಹಟ್ಟಿ ನಮ್ಮ ಜಮಖಂಡಿ ಸಂಸ್ಥಾನದ್ದು, ರಬಕವಿ ಬೇರೆ ರಾಜರದು. ನೀಲವ್ವ ನೆಂಟಳಷ್ಟೇ ಅಲ್ಲ, ಪರರಾಜ್ಯದವಳು. ನಾನು ಉಂಡೆ ತಿಂದೆ, ಪಟ್ಟಿ ಮುಚ್ಚಿದೆ.

"ಈ ಹುಡುಗೀನ ಬರಕೊಳ್ಳಲಿಲ್ಲಲ್ರಿ?" ಎಂದಳು ಬಸವ್ವ, ಗೋಡೆಯ ಮೇಲೆ ನಲವತ್ತೊಂದು ಬರೆಯುತ್ತ.

"ಆಕಿ ಈ ಮನಿಯಾಕಿ ಅಲ್ಲ."

"ಸೊಳ್ಳಿ ಮನೆತನ ಕೇಳಿ ಕಡೀತೈತೇನ್ರಿ?"

"ಬರಿಯಾಕಿ ನಾನೋ ನೀನೋ?" ಎಂದೆ. ಬಸವ್ವ ಮುಂದಿನ ಮನೆಗೆ ನಡೆದಳು.

ಗುಳಿಗೆ ಬರುವ ಹೊತ್ತಿಗೆ ತಿಂಗಳಾಯಿತು. ಯುದ್ಧದಿಂದಾಗಿ ಕೊಯ್ನೇಲ ಸಿಗುವುದೇ ಕಷ್ಟ. ಪಟ್ಟಿಯಲ್ಲಿ ಎಷ್ಟು ತಲೆಯೋ ಅಷ್ಟೇ ಪುಡಕಿ, ಅಂದರೆ ಗುಳಿಗೆಯ ಪೊಟ್ಟಣ, ಒಂದೂ ಹೆಚ್ಚಿಲ್ಲ. ಹುಷಾರಾಗಿದ್ದವರೂ ದಿನಾ ನುಂಗಬೇಕು. ಪಂಚಮಿಗೆ ಬಂದವರೆಲ್ಲ ತಮ್ಮ ತಮ್ಮ ಮನೆಗೆ ಹೋಗಿದ್ದರು. ನೀಲವ್ವ ಮಾತ್ರ ಹೋಗಿರಲಿಲ್ಲ. ಹೊರಡುವ ದಿನವೇ ಚಳಿ ಹಿಡಿದಿತ್ತು. "ನೆಟ್ಟಗಾದ ಮ್ಯಾಲೆ ಕಳಸ್ರಿ" ಎಂದು ಗಂಡನ ಮನೆಯವರು ಹೇಳಿಕಳಿಸಿದ್ದರು. ಆರು ಪುಡಕಿ ಕೊಟ್ಟು ಆರು ಗುರುತು ಹಾಕಿ ಹೊರಟಾಗ ಮಲ್ಲವ್ವ ನನ್ನ ಹಿಂದೆಯೇ ಬಾಗಿಲಿಗೆ ಬಂದಳು.

"ಅಕ್ಕೋರ, ಇನ್ನೊಂದ ಪುಡಕಿ ಕೊಡ್ರಿ. ಮಗಳಿಗಿ ಒಂದಿನ ಬಿಟ್ಟ ಒಂದಿನ ಚಳಿ ಬರಾಕತ್ತೇತಿ."

"ಪಟ್ಟಿಯೊಳಗ ಆಕಿ ಹೆಸರಿಲ್ಲ ನೋಡವಾ. ರಬಕವಿಯೊಳಗ ಕೇಳಬೇಕು."

ಎಷ್ಟು ಮೆತ್ತಗೆ ಹೇಳಿದೆ ನೋಡಿ. ಕಠಿಣವಾಗಿ ಹೇಳಿದ್ದರೆ ಅವಳು ಜಗಳವನ್ನಾದರೂ ಆಡುತ್ತಿದ್ದಳು. ನನ್ನ ಸಭ್ಯ ದನಿ ಕೇಳಿ ಸುಮ್ಮನೆ ಒಳಗೆ ಹೋದಳು. ಮಗ್ಗದ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಸುರುವಾಯಿತು. ಇವತ್ತಿಗೂ ಮಗ್ಗದ ಓಣಿಯಲ್ಲಿ ಲಾಳಿ ಹಾಗೆ ತಟ್ಟನೆ ನಿಂತರೆ, ಮತ್ತೆ ಸುರುವಾಗುವವರೆಗೆ ನಾನು ಅಲ್ಲೇ ನಿಲ್ಲುತ್ತೇನೆ.

ಮೂರು ವಾರದ ಮೇಲೆ ಮತ್ತೆ ಎಣಿಕೆ. ದಾಕ್ತರು ಚಾವಡಿಯಲ್ಲಿ ಕೂತು ನನ್ನ ಹಾಳೆಗಳನ್ನು ತಿರುವುತ್ತಿದ್ದವರು ಒಂದು ಕಡೆ ಬೆರಳಿಟ್ಟರು.

"ಬಾಯಾರ, ಈ ನಲವತ್ತೊಂದನೇ ಮನಿ ಯಜಮಾನ ಗುಳಿಗಿ ತೊಗೊಂಡಾನ ಅಂತ ಗುರುತ ಐತಿ. ಈಗ ಜ್ವರ ಅಂತ ಬರದೀರಿ. ಹೆಂಗ? ಔಷಧನ ಕೆಟ್ಟತೇನು?"

"ನನ್ನ ಪಟ್ಟಿ ತಪ್ಪಿಲ್ಲರಿ," ಎಂದೆ. ಕೇಳಿದ್ದು ಔಷಧದ ಬಗ್ಗೆ, ನಾನು ಹೇಳಿದ್ದು ಪಟ್ಟಿಯ ಬಗ್ಗೆ.

ಹೋಗಿ ವಿಚಾರಿಸಿಕೊಂಡು ಬನ್ನಿ ಎಂದರು. ಹೋದೆವು. ಮಗ್ಗದ ಮೇಲೆ ಅರ್ಧ ಸೀರೆ ಹಾಗೇ ಇತ್ತು. ಈರಪ್ಪ ಕಂಬಳಿ ಹೊದ್ದು ಗೋಡೆಗೆ ಒರಗಿದ್ದ, ಕಣ್ಣುಗಳು ಹಳದಿಯಾಗಿದ್ದವು. ನೀಲವ್ವ ಸೊರಗಿದ್ದಳು, ಆದರೆ ಎದ್ದು ಓಡಾಡುತ್ತಿದ್ದಳು. ಅಪ್ಪನಿಗೆ ನೀರು ಕುಡಿಸುತ್ತಿದ್ದಳು. ಅದನ್ನು ನೋಡಿದಾಗಲೇ ನನಗೆ ತಿಳಿಯಬೇಕಿತ್ತು. ಬಸವ್ವನಿಗೆ ತಿಳಿಯಿತು. ನನಗೆ ತಿಳಿಯಲಿಲ್ಲ.

"ಗುಳಿಗಿ ಎಲ್ಲಾ ನುಂಗೀರೇನ್ರಿ?" ಎಂದೆ.

"ನುಂಗೇನ್ರಿ."

"ಖರೇ ಹೇಳ್ರಿ. ಪಟ್ಟಿಯೊಳಗ ಗುರುತು ಹಾಕೇನಿ ನಾನು. ಪುಡಕಿ ನಿಮ್ಮ ಕೈಯಾಗ ಕೊಟ್ಟೇನಿ."

ಈರಪ್ಪ ನೀರು ಹಿಡಿದು ನಿಂತಿದ್ದ ಮಗಳ ಕಡೆ ಕಣ್ಣು ಹಾಯಿಸಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ತೊಂದರೆ ಕೊಟ್ಟೆನಲ್ಲ ಎಂಬ ಸಂಕೋಚವಿತ್ತು.

"ಪಟ್ಟಿ ನಿಮ್ಮದ ಖರೇ ರೀ ಅಕ್ಕೋರ. ಮಗಳು ನಂದು."

ಅಲ್ಲಿಂದ ಚಾವಡಿಯವರೆಗೆ ನಾನು ಓಡಿದೆ. ಸೀರೆಯ ನೆರಿಗೆ ಕೈಯಲ್ಲಿ ಹಿಡಿದು ಅಕ್ಕೋರು ಓಣಿಯಲ್ಲಿ ಓಡಿದ್ದನ್ನು ಊರು ಬಹಳ ದಿನ ಆಡಿಕೊಂಡಿತು. ದಾಕ್ತರಿಗೆ ಎಲ್ಲ ಹೇಳಿದೆ, ಒಡಪು ಒಂದನ್ನು ಬಿಟ್ಟು. ಅವರ ಕೈಯಲ್ಲಿ ಒಂದು ಗುಳಿಗೆಯೂ ಉಳಿದಿರಲಿಲ್ಲ. ಜಮಖಂಡಿಗೆ ಆಳು ಅಟ್ಟಿದರು. ಮರುದಿನದ ಮೋಟಾರಿನಲ್ಲಿ ಔಷಧ ಬಂತು, ದಾಕ್ತರೇ ಹೋಗಿ ಕೊಟ್ಟರು. ಅಷ್ಟೊತ್ತಿಗೆ ಈರಪ್ಪನ ಮಾತು ನಿಂತಿತ್ತು. ಮೂರನೆಯ ದಿನ ಮಧ್ಯಾಹ್ನ ಅವನು ತೀರಿಕೊಂಡ. ಪುಡಕಿ ನುಂಗಿದ್ದರೂ ಕೆಲವರು ಉಳಿಯುವುದಿಲ್ಲ ಬಾಯಾರ, ಎಂದರು ದಾಕ್ತರು. ಒಳ್ಳೆಯ ಮನುಷ್ಯ. ಆ ಸಮಾಧಾನವನ್ನು ನಾನು ತೆಗೆದುಕೊಳ್ಳಲಿಲ್ಲ, ಇವತ್ತಿಗೂ ತೆಗೆದುಕೊಂಡಿಲ್ಲ.

ಆ ಓಣಿಯನ್ನೆಲ್ಲ ಮತ್ತೆ ಮೊದಲಿನಿಂದ ಬರೆಯುತ್ತೇನೆ ಎಂದು ನಾನೇ ಕೇಳಿಕೊಂಡೆ. ಈ ಸಲ ಏನೆಂದು ಕೇಳಬೇಕು ಎಂಬುದನ್ನು ಬಸವ್ವ ಹೇಳಿಕೊಟ್ಟಳು. "ಮನಿ ಮಂದಿ ಎಷ್ಟು ಅಂತ ಕೇಳಬ್ಯಾಡ್ರಿ. ನಿನ್ನಿ ರಾತ್ರಿ ಎಷ್ಟು ಹಾಸಿಗಿ ಹಾಸಿದ್ರಿ ಅಂತ ಕೇಳ್ರಿ. ಹಾಸಿಗಿ ಎಣಿಸಿದ್ರ ಯಾರಿಗೂ ದೃಷ್ಟಿ ಆಗೂದಿಲ್ಲ." ಹಾಗೆ ಕೇಳಿದಾಗ ಎಷ್ಟು ಜನ ಹೊರಬಂದರು ಎನ್ನುತ್ತೀರಿ. ವಿಧವೆ ಅತ್ತಿಗೆ, ಗಂಡ ಬಿಟ್ಟ ತಂಗಿ, ಬಾಣಂತನಕ್ಕೆ ಬಂದವಳು, ಮಗ್ಗ ಕಲಿಯಲು ಬಂದು ಅಲ್ಲೇ ಉಳಿದ ದೂರದ ಸಂಬಂಧಿ. ನನ್ನ ಅಂದವಾದ ಪಟ್ಟಿಯಲ್ಲಿ ಇವರ್ಯಾರೂ ಇರಲಿಲ್ಲ, ಆದರೆ ಎಲ್ಲರಿಗೂ ಚಳಿ ಬರುತ್ತಿತ್ತು.

ನಲವತ್ತೊಂದರ ಮುಂದೆ ಕಾಲು ಬರಲಿಲ್ಲ. ಬಸವ್ವ ಬೆನ್ನ ಮೇಲೆ ಕೈ ಇಟ್ಟು ಒಳಗೆ ನೂಕಿದಳು. ಮಲ್ಲವ್ವ ನೆಲಕ್ಕೆ ಕೂತಿದ್ದಳು. ನಾನು ಎಷ್ಟು ಹಾಸಿಗೆ ಎಂದು ಕೇಳಿದೆ. ಅವಳು ಬೆರಳು ಮಡಿಚಿದಳು. ನೀಲವ್ವನ ಹೆಸರು ಹೇಳಿ ಒಂದು ಬೆರಳು ಹೆಚ್ಚು ಮಡಿಚಿದಳು. ಗಂಡನ ಬೆರಳನ್ನು ಮಡಿಚಲು ಹೋಗಿ ಬಿಟ್ಟಳು.

"ಆರು ರೀ," ಎಂದಳು. "ನಿಮ್ಮ ಪಟ್ಟಿ ಸರಿ ಐತಿ."

ಅವಳು ಚುಚ್ಚಿ ಹೇಳಲಿಲ್ಲ. ನನಗೆ ಮತ್ತೆ ತಿದ್ದುವ ಕೆಲಸ ಬೀಳಲಿಲ್ಲವಲ್ಲ ಎಂಬ ಸಮಾಧಾನದಿಂದ ಹೇಳಿದಳು. ಅವತ್ತಿನಿಂದ ನಾನು ಎಣಿಸುತ್ತಿದ್ದೇನೆ.

ಹುರಮಂಜಿ ಇನ್ನೂ ಹಸಿಯಾಗಿರುವಾಗಲೇ ಬಾಗಿಲಲ್ಲಿ ಆರೋಗ್ಯ ಇಲಾಖೆಯ ಹುಡುಗಿ ಬಂದು ನಿಂತಳು. ಮಳೆಗಾಲದಲ್ಲಿ ಸೊಳ್ಳೆ, ಜ್ವರ ಎಂದು ಮನೆಮನೆ ತಿರುಗುವವಳು. ಕೈಯಲ್ಲಿ ದೊಡ್ಡ ರಿಜಿಸ್ಟರು. "ಮನಿಯಾಗ ಎಷ್ಟು ಮಂದಿ ರೀ?" ಎಂದಳು.

"ನಾಲ್ಕು," ಎಂದಳು ಶಾರದಾ, ಗೋಡೆಯಿಂದ ಮುಖ ತಿರುಗಿಸದೆ.

ಅವಳ ಮಗಳು ನಿನ್ನೆಯಷ್ಟೇ ಪಂಚಮಿಗೆಂದು ಮುಧೋಳದಿಂದ ಬಂದಿದ್ದಾಳೆ, ಕೂಸನ್ನು ಕರೆದುಕೊಂಡು. ಒಳಗೆ ಕೂಸು ಅಳುವುದು ನಮ್ಮೆಲ್ಲರಿಗೂ ಕೇಳುತ್ತಿತ್ತು. ಹುಡುಗಿ ನಾಲ್ಕು ಎಂದು ಬರೆದೂ ಆಗಿತ್ತು. ನಾನು ಅವಳ ಕೈ ಹಿಡಿದೆ.

"ತಂಗಿ, ಹಂಗ ಕೇಳಬ್ಯಾಡ," ಎಂದೆ. ಮತ್ತೆ, ಐವತ್ತು ವರ್ಷ ಯಾರಿಗೂ ಹೇಳದ ಈರಪ್ಪನ ಹೆಸರನ್ನು ಆ ಹೊಸ್ತಿಲಲ್ಲಿ ನಿಂತೇ ಹೇಳಿದೆ. ಒಡಪನ್ನೂ ಹೇಳಿದೆ. ಶಾರದಾ ಕೆಂಪು ಕೈಯನ್ನು ಹಾಗೇ ಎತ್ತಿ ಹಿಡಿದು ಕೇಳಿದಳು. ಹುಡುಗಿ ನಾಲ್ಕನ್ನು ಹೊಡೆದುಹಾಕಿ ಆರು ಬರೆದಳು. ಪುಟ ಗಲೀಜಾಯಿತು. ಅಷ್ಟು ಒಳ್ಳೆಯ ಪುಟವನ್ನು ನಾನು ನೋಡಿಲ್ಲ.

ಅವಳು ಪಕ್ಕದ ಮನೆಗೆ ಹೋದಳು. ಗೋಡೆಯಾಚೆಯಿಂದ ಅವಳ ದನಿ ಕೇಳಿಸಿತು: "ನಿನ್ನಿ ರಾತ್ರಿ ಎಷ್ಟು ಹಾಸಿಗಿ ಹಾಸಿದ್ರಿ, ವೈನಿ?"

"ಹಾಸಿಗಿನ?" ಎಂದಿತು ಒಳಗಿನ ದನಿ. "ಮೂರು... ತಡಿಯವಾ, ಮಗಳು ಬಂದಾಳ. ನಮ್ಮ ನಾದನಿ ಅದಾಳ. ಐದು."

ನಾನು ಕೂತೆ.