ಖಾಲಿ ಜಾಗ ಎಂದು ನಾನೇ ಬರೆದಿದ್ದೆ

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಜಲ್ಲಿ ಒಡೆಯುತ್ತಿದ್ದ ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದರು. ಹಾಗಾಗಿ ನನ್ನ ಸಹಿಯ ಬಗ್ಗೆ ನನಗೆ ಜಂಬ. ಆ ಜಂಬದಲ್ಲೇ, ಡಲ್ಲಾಸ್‌ನ ಸರ್ವೆ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದಾಗ, ಒಂದು ತಪ್ಪು ನಕ್ಷೆಗೆ ಸಹಿ ಹಾಕಿದೆ.

ಡಲ್ಲಾಸ್‌ನಾಚೆಯ ಪ್ರಾಸ್ಪರ್ ಎಂಬ ಊರಿನ ಕಡೆ ಹೊಲಗಳೆಲ್ಲ ಲೇಔಟ್ ಆಗುತ್ತಿದ್ದ ಕಾಲ. ಜಮೀನು ಒಂದು ಆಫ್ರಿಕನ್-ಅಮೆರಿಕನ್ ಕುಟುಂಬದ್ದು. ಗುಲಾಮಗಿರಿಯಿಂದ ಬಿಡುಗಡೆಯಾದ ಅವರ ಹಿರಿಯನೊಬ್ಬ ಕೊಂಡದ್ದು. ವಿಲ್ ಇಲ್ಲ, ಪಾಲಾಗಿಲ್ಲ. ಅದನ್ನು ಕಣ್ಣಲ್ಲೂ ಕಾಣದ ಹ್ಯೂಸ್ಟನ್‌ನ ಸಂಬಂಧಿಯೊಬ್ಬ ತನ್ನ ಪಾಲನ್ನು ಬಿಲ್ಡರ್‌ಗೆ ಮಾರಿದ. ಪಾಲಾಗದ ಜಮೀನನ್ನು ಒಬ್ಬ ಪಾಲುದಾರ ಕೇಳಿದರೂ ಕೋರ್ಟು ಮಾರಿಸಬಹುದು ಅಲ್ಲಿ; ಇಡೀ ಜಮೀನನ್ನೇ ಹರಾಜು ಹಾಕಿಸಲು ಬಿಲ್ಡರ್ ಕೋರ್ಟಿಗೆ ಹೋದ. ನಕ್ಷೆ ಬೇಕಾಗಿದ್ದು ಅದಕ್ಕೆ.

ಅಳೆಯಲು ಹೋದಾಗ, ಮೂಲೆಯ ಮರಗಳ ಕೆಳಗೆ ಕಾಡುಗಲ್ಲು, ಕಪ್ಪೆಚಿಪ್ಪು, ಒಡೆದ ಪಿಂಗಾಣಿ ತಟ್ಟೆ ಬಿದ್ದಿದ್ದವು. ಕಸ ಅಂದುಕೊಂಡು ‘ಖಾಲಿ ಜಾಗ’ ಎಂದು ಬರೆದೆ.

ನಕ್ಷೆಯಲ್ಲಿದ್ದ ನನ್ನ ಹೆಸರು ನೋಡಿ ಆ ಮನೆಯ ಹಿರಿಯಾಕೆ ಫೋನ್ ಮಾಡಿ ಕರೆಸಿದರು. ಮೂಲೆಗೆ ಹೋಗಿ ನಿಂತೆನೋ ಇಲ್ಲವೋ, "ಆಚೆ ಸರೀರಿ. ನಮ್ಮಜ್ಜಿ ತಲೆ ಮೇಲೆ ನಿಂತಿದ್ದೀರಿ" ಎಂದರು.

ಸತ್ತವರು ಕೊನೆಗೆ ಉಂಡ ತಟ್ಟೆಯನ್ನು ಒಡೆದು ತಲೆದೆಸೆಗಿಡುವುದು ಅವರ ಪದ್ಧತಿಯಂತೆ. ಓದು ಬರಹವನ್ನೇ ಯಾರಿಗೆ ನಿಷೇಧಿಸಿದ್ದರೋ ಆ ಜನರ ಗೋರಿಗೆ ಹೆಸರು ಎಲ್ಲಿಂದ ಬರಬೇಕು?

"ಯಾವ ತಟ್ಟೆ ಯಾರದು ಅಂತ ನಮಗೆ ಗೊತ್ತು. ಓದೋಕೆ ನಿಮಗೆ ಅಕ್ಷರಾನೇ ಬೇಕೇನು, ಇಂಜಿನಿಯರ್ ಮೇಡಂ?"

ಕೆನ್ನೆಗೆ ಬಾರಿಸಿದ ಹಾಗಾಯಿತು. ಗೋರಿಗಳಿವೆ ಎಂದು ನಕ್ಷೆಯಲ್ಲಿದ್ದರೆ ಅಷ್ಟು ನೆಲದಲ್ಲಾದರೂ ಯಾರೂ ಮನೆ ಕಟ್ಟುವಂತಿರಲಿಲ್ಲ.

ನಮ್ಮ ಮ್ಯಾನೇಜರ್ ಮೈಸೂರಿನವರು, ಮನೆ ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿ. ನಕ್ಷೆ ತಿದ್ದಬೇಕು ಎಂದಾಗ ನಕ್ಕರು. "ಏನಮ್ಮಾ, ನಾಲ್ಕು ಕಲ್ಲಿಗೋಸ್ಕರ ಪ್ರಾಜೆಕ್ಟ್ ನಿಲ್ಲಿಸ್ತೀಯಾ? ಅವರ ಜಗಳ ನಮಗ್ಯಾಕೆ?"

"ಸರ್, ನಿಮ್ಮ ತಾತನ ಸಮಾಧಿ ಮೇಲೆ ಯಾರಾದ್ರೂ ಗ್ಯಾರೇಜ್ ಕಟ್ಟಿದ್ರೆ?"

"ನಮ್ಮಲ್ಲಿ ಸುಡ್ತಾರಮ್ಮ."

ನಮ್ಮಲ್ಲಿ ಅಂದರೆ ಯಾರಲ್ಲಿ? ನಮ್ಮ ಕೇರಿಯಲ್ಲಿ ಹೂಳುತ್ತಾರೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಶನಿವಾರ ಉಪಕರಣ ಹೊತ್ತು ಮತ್ತೆ ಹೋದೆ. ಹಿರಿಯಾಕೆ ಒಂದೊಂದು ತಟ್ಟೆಯ ಹತ್ತಿರ ನಿಂತು ಹೆಸರು ಹೇಳಿದರು, ನಾನು ಅಳೆದು ಗುರುತು ಹಾಕಿದೆ. ತಿದ್ದಿದ ನಕ್ಷೆಯನ್ನು ಯಾರನ್ನೂ ಕೇಳದೆ ಕೋರ್ಟಿಗೆ ಕೊಟ್ಟೆ. ಆ ವಾರವೇ ಕೆಲಸ ಹೋಯಿತು. ಆಸ್ಟಿನ್‌ಗೆ ಶಿಫ್ಟ್ ಆದೆ.

ಗೋರಿಗಳ ಮೂಲೆ ಉಳಿಯಿತು. ಉಳಿದದ್ದೆಲ್ಲ ಹರಾಜಾಗಿ, ಸುತ್ತ ಕಾಂಪೌಂಡ್ ಎದ್ದು ಮನೆಗಳು ಬಂದವು. ಈಗ ಆಕೆ ತನ್ನ ಅಜ್ಜಿಯ ಹತ್ತಿರ ಹೋಗಬೇಕೆಂದರೆ, ಗೇಟಿನ ಕಾವಲುಗಾರನಿಗೆ ಗುರುತಿನ ಚೀಟಿ ತೋರಿಸಬೇಕು.